ಕೋವಿಯ ಒದೆತ: ತೋಟಾದ ಲೆಕ್ಕ ಮತ್ತು ಭುಜದ ಅನುಭವ

ಚರೆ ತುಂಬಿದ ತೋಟಾ ಹಾರಿಸುವ ನುಣುಪು ನಳಿಗೆಯ ಕೋವಿ, ಅಂದರೆ ಶಾಟ್‌ಗನ್, ಸಿಡಿದ ಕ್ಷಣದಲ್ಲಿ ಹಿಂದಕ್ಕೆ ಚಿಮ್ಮಿ ಹೊಡೆಯುವವರ ಭುಜವನ್ನು ಗುದ್ದುತ್ತದೆ. ಇದೇ ಒದೆತ. ರೈಫಲ್ಲಿಗೂ ಪಿಸ್ತೂಲಿಗೂ ಒದೆತ ಉಂಟು. ಆದರೆ ಶಾಟ್‌ಗನ್ನಿನಲ್ಲಿ ಅದು ಕೋವಿಗಿಂತ ಹೆಚ್ಚಾಗಿ ತೋಟಾವನ್ನು ಅವಲಂಬಿಸಿದೆ. ಒಂದೇ 12 ಬೋರ್ ಕೋವಿ 24 ಗ್ರಾಂ ಚರೆಯ ಸೌಮ್ಯ ತೋಟಾವನ್ನೂ ಹಾರಿಸಬಲ್ಲದು, ನಳಿಗೆಯ ಗೂಡು ಉದ್ದವಾಗಿದ್ದರೆ 50 ಗ್ರಾಂ ಮೀರಿದ ಮ್ಯಾಗ್ನಮ್ ತೋಟಾವನ್ನೂ ಹಾರಿಸಬಲ್ಲದು. ಇವೆರಡರ ಒದೆತದ ಶಕ್ತಿಯಲ್ಲಿ ಮೂರು ಪಟ್ಟಿಗೂ ಮಿಗಿಲಾದ ಅಂತರವಿದೆ. ಅಷ್ಟಿದ್ದೂ ಕೋವಿ ಕೊಳ್ಳುವಾಗ ನಳಿಗೆ, ಮರ, ಕೆತ್ತನೆ ಎಲ್ಲವನ್ನೂ ತಿರುತಿರುಗಿಸಿ ನೋಡುವ ಜನ ತೋಟಾದ ಡಬ್ಬಿಯ ಮೇಲೆ ಬರೆದ ಗ್ರಾಂ ಲೆಕ್ಕವನ್ನು ಓದುವುದು ಅಪರೂಪ.

ಒದೆತವನ್ನು ಎರಡು ಬಗೆಯಾಗಿ ನೋಡಬೇಕು. ಮೊದಲನೆಯದು ಲೆಕ್ಕದ ಒದೆತ: ಕೋವಿಯನ್ನು ಯಾರೂ ಹಿಡಿದಿಲ್ಲ, ಅದು ಗಾಳಿಯಲ್ಲಿ ತೂಗುತ್ತಿದೆ ಎಂದುಕೊಂಡರೆ ಅದು ಎಷ್ಟು ವೇಗದಲ್ಲಿ, ಎಷ್ಟು ಶಕ್ತಿಯೊಡನೆ ಹಿಂದಕ್ಕೆ ಹೋಗುತ್ತದೆ ಎಂಬುದು. ಇದನ್ನು ಕಾಗದದ ಮೇಲೆ ಕಂಡುಹಿಡಿಯಬಹುದು. ಎರಡನೆಯದು ಮೈಗೆ ತಾಗುವ ಒದೆತ: ಅದೇ ಶಕ್ತಿ ಭುಜ, ಕೆನ್ನೆ, ಕಿವಿ, ಕೈಬೆರಳುಗಳ ಮೂಲಕ ಮನುಷ್ಯನಿಗೆ ಹೇಗೆ ಅನುಭವಕ್ಕೆ ಬರುತ್ತದೆ ಎಂಬುದು. ಇದನ್ನು ಒಂದೇ ಸಂಖ್ಯೆಯಲ್ಲಿ ಹಿಡಿಯಲಾಗದು. ಒಂದೇ ಕೋವಿ, ಒಂದೇ ತೋಟಾ ಒಬ್ಬರಿಗೆ ತಳ್ಳಿದಂತೆ ಅನಿಸಿದರೆ ಇನ್ನೊಬ್ಬರ ಭುಜದಲ್ಲಿ ನೀಲಿ ಕಲೆ ಉಳಿಸುತ್ತದೆ. ಇಬ್ಬರೂ ಹೇಳುವುದು ನಿಜವೇ.

ಲೆಕ್ಕದ ಒದೆತ

ನ್ಯೂಟನ್ನನ ಮೂರನೆಯ ನಿಯಮವೇ ಇದರ ಬುನಾದಿ. ನಳಿಗೆಯಿಂದ ಮುಂದಕ್ಕೆ ಹೋಗುವ ಎಲ್ಲದರ ಒಟ್ಟು ಸಂವೇಗಕ್ಕೆ, ಅಂದರೆ ತೂಕ ಮತ್ತು ವೇಗಗಳ ಗುಣಲಬ್ಧಕ್ಕೆ, ಸಮನಾದ ಸಂವೇಗ ಕೋವಿಗೆ ಹಿಮ್ಮುಖವಾಗಿ ಬರುತ್ತದೆ. ಮುಂದಕ್ಕೆ ಹೋಗುವುದು ಚರೆ ಮಾತ್ರ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಚರೆಯನ್ನು ಹೊತ್ತು ಸಾಗುವ ಪ್ಲಾಸ್ಟಿಕ್ ಅಥವಾ ರಟ್ಟಿನ ವಾಡ್ ಇದೆ, ಅದು ಎರಡು ಮೂರು ಗ್ರಾಂ ತೂಗುತ್ತದೆ. ಉರಿದು ಅನಿಲವಾದ ಮದ್ದು ಇದೆ. ಮದ್ದಿನ ತೂಕ ಒಂದೆರಡು ಗ್ರಾಂ ಅಷ್ಟೇ, ಆದರೆ ಅನಿಲ ನಳಿಗೆಯ ಬಾಯಿಂದ ಚಿಮ್ಮುವಾಗ ಚರೆಗಿಂತ ವೇಗವಾಗಿ ಹೋಗುತ್ತದೆ. ಶಾಟ್‌ಗನ್ ಲೆಕ್ಕಗಳಲ್ಲಿ ಅನಿಲದ ವೇಗವನ್ನು ಚರೆಯ ವೇಗದ ಒಂದೂಕಾಲರಿಂದ ಒಂದೂವರೆ ಪಟ್ಟು ಎಂದು ಹಿಡಿಯುವುದು ವಾಡಿಕೆ.

ಒಂದು ಉದಾಹರಣೆ. 28 ಗ್ರಾಂ ಚರೆ, 3 ಗ್ರಾಂ ವಾಡ್, 1.3 ಗ್ರಾಂ ಮದ್ದು, ವೇಗ ಸೆಕೆಂಡಿಗೆ 400 ಮೀಟರ್, ಕೋವಿಯ ತೂಕ 3.4 ಕಿಲೋ. ಚರೆ ಮತ್ತು ವಾಡಿನ ಸಂವೇಗ 12.4, ಅನಿಲದ್ದು ಸುಮಾರು 0.8, ಒಟ್ಟು 13.2. ಇದನ್ನು ಕೋವಿಯ ತೂಕದಿಂದ ಭಾಗಿಸಿದರೆ ಕೋವಿ ಹಿಂದಕ್ಕೆ ಬರುವ ವೇಗ ಸಿಗುತ್ತದೆ: ಸೆಕೆಂಡಿಗೆ 3.9 ಮೀಟರ್. ಅದರ ಚಲನಶಕ್ತಿ ಸುಮಾರು 26 ಜೂಲ್.

ಇದೇ 3.4 ಕಿಲೋ ಕೋವಿಗೆ ಬೇರೆ ಬೇರೆ ತೋಟಾ ಹಾಕಿ ಇದೇ ರೀತಿ ಲೆಕ್ಕ ಮಾಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಒಲಿಂಪಿಕ್ ಸ್ಪರ್ಧೆಗಳಲ್ಲಿ ಬಳಸುವ 24 ಗ್ರಾಂ ತೋಟಾ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಸುಮಾರು 20 ಜೂಲ್ ಒದೆತ ಕೊಡುತ್ತದೆ. 375 ಮೀಟರ್ ವೇಗದ 32 ಗ್ರಾಂ ತೋಟಾ 28 ಜೂಲ್. ವೇಗ ತುಸು ಕಡಿಮೆ ಮಾಡಿದ್ದರಿಂದ ನಾಲ್ಕು ಗ್ರಾಂ ಹೆಚ್ಚುವರಿ ಚರೆಯ ಹೊರೆ ಇಲ್ಲಿ ಅಷ್ಟಾಗಿ ಕಾಣುವುದಿಲ್ಲ. 36 ಗ್ರಾಂ ಚರೆಯನ್ನು 400 ಮೀಟರಿಗೂ ತುಸು ಹೆಚ್ಚಿನ ವೇಗದಲ್ಲಿ ಹಾರಿಸುವ ಬಲವಾದ ತೋಟಾ 42 ಜೂಲ್ ತಲುಪುತ್ತದೆ. ಚರೆಗೆ ಬದಲು ಒಂದೇ ಸೀಸದ ಗುಂಡು, ಅಂದರೆ ಸ್ಲಗ್, ಇರುವ 28 ಗ್ರಾಂ ತೋಟಾದ ವೇಗ 475 ಮೀಟರಿನ ಆಸುಪಾಸಿನಲ್ಲಿರುವುದರಿಂದ ಅದು 38 ಜೂಲ್ ಕೊಡುತ್ತದೆ. 76 ಮಿ.ಮೀ. ಉದ್ದದ ಮ್ಯಾಗ್ನಮ್ ತೋಟಾದಲ್ಲಿ 53 ಗ್ರಾಂ ಚರೆ ತುಂಬಿ 370 ಮೀಟರ್ ವೇಗ ಕೊಟ್ಟರೆ ಒದೆತ 72 ಜೂಲ್. ಮೊದಲ ತೋಟಾಕ್ಕೂ ಕೊನೆಯದಕ್ಕೂ ಚರೆಯ ತೂಕದಲ್ಲಿ ಇರುವುದು ಎರಡೂಕಾಲು ಪಟ್ಟು ವ್ಯತ್ಯಾಸ. ಒದೆತದಲ್ಲಿ ಅದು ಮೂರೂವರೆ ಪಟ್ಟಾಗಿದೆ, ಕೊನೆಯ ತೋಟಾದ ವೇಗ ಮೊದಲಿನದಕ್ಕಿಂತ ಕಡಿಮೆಯಿದ್ದರೂ.

ಕಾರಣ ಸರಳ. ಸಂವೇಗ ದುಪ್ಪಟ್ಟಾದರೆ ಕೋವಿಯ ವೇಗ ದುಪ್ಪಟ್ಟಾಗುತ್ತದೆ, ಶಕ್ತಿ ನಾಲ್ಕು ಪಟ್ಟಾಗುತ್ತದೆ. ಇದರ ಅತ್ಯಂತ ಕಠೋರ ನಿದರ್ಶನ ಜೋಡು ನಳಿಗೆಯ ಹಳೆಯ ಕೋವಿಗಳಲ್ಲಿ ಸಿಗುತ್ತದೆ. ಒಳಗಿನ ಕೊಕ್ಕೆಗಳು ಸವೆದಿದ್ದರೆ ಒಂದು ನಳಿಗೆಯ ಸಿಡಿತದ ಅದುರಿಗೇ ಇನ್ನೊಂದೂ ಸಿಡಿಯುತ್ತದೆ. ಎರಡು ಈಡು ಒಟ್ಟಿಗೆ ಹೋದರೆ ಒದೆತ ಎರಡರಷ್ಟು ಎಂದು ಜನ ಭಾವಿಸುತ್ತಾರೆ. ಶಕ್ತಿಯ ಲೆಕ್ಕದಲ್ಲಿ ಅದು ನಾಲ್ಕರಷ್ಟು: 26 ಜೂಲಿನ ಕೋವಿ ಆ ಗಳಿಗೆಯಲ್ಲಿ 100 ಜೂಲ್ ಮೀರುತ್ತದೆ. ಇಂಥ ಕೋವಿಯನ್ನು ಒಮ್ಮೆ ಹಾಗೆ ಸಿಡಿದ ಮೇಲೂ ರಿಪೇರಿ ಮಾಡಿಸದೆ ಬಳಸುವುದು ಅಪಾಯಕ್ಕೆ ಬಾಗಿಲು ತೆರೆದಿಟ್ಟಂತೆ.

ಕೋವಿಯ ತೂಕ

ಸಂವೇಗವನ್ನು ತೋಟಾ ನಿರ್ಧರಿಸುತ್ತದೆ, ಅದನ್ನು ಹೊರುವುದು ಕೋವಿಯ ತೂಕ. ಅದೇ ತೋಟಾಕ್ಕೆ ಕೋವಿ ಹಗುರವಾದಷ್ಟೂ ಒದೆತ ಏರುತ್ತದೆ. 32 ಗ್ರಾಂ ತೋಟಾವನ್ನು 2.6 ಕಿಲೋ ತೂಗುವ ಒಂಟಿ ನಳಿಗೆಯ ಕೋವಿಯಲ್ಲಿ ಹಾರಿಸಿದರೆ 28 ಜೂಲ್ ಇದ್ದದ್ದು 37 ಆಗುತ್ತದೆ. ಬರ್ಮಿಂಗ್‌ಹ್ಯಾಮಿನ ಕೋವಿ ತಯಾರಕ ಡಬ್ಲ್ಯು. ಡಬ್ಲ್ಯು. ಗ್ರೀನರ್ ಹೆಸರಿನೊಂದಿಗೆ ಸೇರಿಕೊಂಡ ಹಳೆಯ ಸೂತ್ರವೊಂದು ಇಲ್ಲಿ ನೆನಪಾಗುತ್ತದೆ: ಕೋವಿಯ ತೂಕ ಅದು ಹಾರಿಸುವ ಚರೆಯ ತೂಕದ 96 ಪಟ್ಟು ಇರಬೇಕು. 28 ಗ್ರಾಂ ಚರೆಗೆ 2.7 ಕಿಲೋ, 32 ಗ್ರಾಂಗೆ ಸುಮಾರು 3.1 ಕಿಲೋ. ಇಂಗ್ಲೆಂಡಿನ ಹಳೆಯ ಜೋಡು ಕೋವಿಗಳು ಬಹುಮಟ್ಟಿಗೆ ಈ ಸೂತ್ರಕ್ಕೆ ಹೊಂದಿಕೊಳ್ಳುತ್ತವೆ, ಹೆಗಲಿಗೆ ಹಿತವಾಗಿಯೇ ಇರುತ್ತವೆ. ಇದೇ ಅಳತೆಗೋಲಿನಿಂದ 53 ಗ್ರಾಂ ಮ್ಯಾಗ್ನಮ್ ತೋಟಾವನ್ನು ಅಳೆದರೆ ಕೋವಿ ಐದು ಕಿಲೋ ದಾಟಬೇಕು. ಅಷ್ಟು ಭಾರದ ಕೋವಿ ಹೊತ್ತು ದಿನವಿಡೀ ನಡೆಯಲು ಯಾರೂ ಒಪ್ಪುವುದಿಲ್ಲ. ಆದ್ದರಿಂದ ಮ್ಯಾಗ್ನಮ್ ಕೋವಿಗಳನ್ನು ಮೂರೂವರೆ ಕಿಲೋ ಸುತ್ತಮುತ್ತಲೇ ಮಾಡುತ್ತಾರೆ, ಉಳಿದದ್ದನ್ನು ಭುಜ ತುಂಬಿಕೊಡುತ್ತದೆ.

ಬೋರ್ ಚಿಕ್ಕದಾದರೆ ಒದೆತ ಕಡಿಮೆ ಎಂಬ ನಂಬಿಕೆಯೂ ಇಲ್ಲೇ ಸಡಿಲವಾಗುತ್ತದೆ. ಬೋರ್ ಎಂಬುದು ನಳಿಗೆಯ ಅಗಲದ ಅಳತೆ: ಒಂದು ಪೌಂಡ್ ಸೀಸದಿಂದ ನಳಿಗೆಗೆ ಸರಿಹೊಂದುವ ಎಷ್ಟು ಗುಂಡು ಮಾಡಬಹುದೋ ಅಷ್ಟು ಬೋರ್. ಆದ್ದರಿಂದ 12 ಬೋರ್ ನಳಿಗೆ 18.5 ಮಿ.ಮೀ. ಅಗಲ, 20 ಬೋರ್ 15.6 ಮಿ.ಮೀ. ಅಗಲ. ಅಗಲಕ್ಕೂ ಒದೆತಕ್ಕೂ ನೇರ ಸಂಬಂಧವಿಲ್ಲ. 24 ಗ್ರಾಂ ಚರೆಯನ್ನು 380 ಮೀಟರ್ ವೇಗದಲ್ಲಿ 3.4 ಕಿಲೋ ತೂಕದ 12 ಬೋರಿನಿಂದ ಹಾರಿಸಿದರೆ ಒದೆತ 17 ಜೂಲ್. ಅಷ್ಟೇ ಚರೆಯನ್ನು ಅಷ್ಟೇ ವೇಗದಲ್ಲಿ 2.8 ಕಿಲೋ ತೂಕದ 20 ಬೋರಿನಿಂದ ಹಾರಿಸಿದರೆ 20 ಜೂಲ್. ಚಿಕ್ಕ ಬೋರಿನ ಕೋವಿ ಸೌಮ್ಯವಾಗಿರುವುದು ಅದರಲ್ಲಿ ಚರೆ ಕಡಿಮೆ ತುಂಬಿದಾಗ ಮಾತ್ರ. 20 ಬೋರಿಗೂ ಮ್ಯಾಗ್ನಮ್ ತೋಟಾ ತುರುಕುವ ಈಗಿನ ರೂಢಿಯಲ್ಲಿ ಆ ಅನುಕೂಲವೂ ಕರಗಿಹೋಗುತ್ತದೆ.

ಒತ್ತಡ, ಮದ್ದು ಮತ್ತು ಕೆಲವು ನಂಬಿಕೆಗಳು

ನಳಿಗೆಯೊಳಗಿನ ಒತ್ತಡ ಹೆಚ್ಚಾದರೆ ಒದೆತ ಹೆಚ್ಚು ಎನ್ನುವುದು ಬಲವಾಗಿ ಬೇರೂರಿದ ನಂಬಿಕೆ. ಲೆಕ್ಕದಲ್ಲಿ ಒತ್ತಡಕ್ಕೆ ಜಾಗವೇ ಇಲ್ಲ ಎಂಬುದನ್ನು ಗಮನಿಸಬೇಕು. ಚರೆಯ ತೂಕವೂ ವೇಗವೂ ಒಂದೇ ಆಗಿದ್ದರೆ, ಬೇಗ ಉರಿಯುವ ಮದ್ದಿನಿಂದ ಒತ್ತಡ ಏರಿದ ತೋಟಾಕ್ಕೂ ನಿಧಾನವಾಗಿ ಉರಿಯುವ ಮದ್ದಿನ ತೋಟಾಕ್ಕೂ ಒದೆತ ಹೆಚ್ಚುಕಡಿಮೆ ಸಮ. ನಿಧಾನದ ಮದ್ದನ್ನು ತುಸು ಹೆಚ್ಚು ತುಂಬಬೇಕಾಗುವುದರಿಂದ ಅದರ ಒದೆತವೇ ಒಂದಿಷ್ಟು ಜಾಸ್ತಿ ಬರಬಹುದು. ನಿಧಾನದ ಮದ್ದು ತಳ್ಳುತ್ತದೆ, ಬೇಗದ ಮದ್ದು ಗುದ್ದುತ್ತದೆ ಎಂದು ಹೇಳುವವರು ಒಂದು ಸಂಗತಿ ಮರೆಯುತ್ತಾರೆ: ಚರೆ ನಳಿಗೆಯೊಳಗೆ ಇರುವುದೇ ಸುಮಾರು ಮೂರು ಮಿಲಿಸೆಕೆಂಡ್. ಎರಡು ಬಗೆಯ ಮದ್ದಿನ ನಡುವಿನ ಅಂತರ ಅದರಲ್ಲಿ ಒಂದು ಚೂರು. ಅಷ್ಟು ಕಿರಿದಾದ ಕಾಲವ್ಯತ್ಯಾಸ ಭುಜದ ಮಾಂಸಕ್ಕೆ ತಿಳಿಯುವಂಥದ್ದಲ್ಲ.

ಹಳೆಯ ಕರಿಮದ್ದಿನ ವಿಷಯ ಬೇರೆ. ಅದರಲ್ಲಿ ಮದ್ದಿನ ತೂಕವೇ ಒದೆತದ ದೊಡ್ಡ ಪಾಲು ಹೊರುತ್ತದೆ. ಕರಿಮದ್ದಿನ ಕಾಲದ ಸಾಮಾನ್ಯ 12 ಬೋರ್ ಈಡಿಗೆ 3 ಡ್ರಾಮ್, ಅಂದರೆ 5.3 ಗ್ರಾಂ ಮದ್ದು ಬೇಕಿತ್ತು. ಅದೇ ಚರೆಗೆ ಅದೇ ವೇಗ ಕೊಡಲು ಇಂದಿನ ಹೊಗೆಯಿಲ್ಲದ ಮದ್ದು ಒಂದೂವರೆ ಗ್ರಾಂ ಸಾಕು. ಆ ಹೆಚ್ಚುವರಿ ಮದ್ದೆಲ್ಲ ಅನಿಲವೂ ಹೊಗೆಯೂ ಆಗಿ ನಳಿಗೆಯಿಂದ ಚಿಮ್ಮುವುದರಿಂದ ಕರಿಮದ್ದಿನ ಈಡಿನ ಒದೆತ ಲೆಕ್ಕದಲ್ಲಿ ಮೂರನೆಯ ಒಂದು ಭಾಗದಷ್ಟು ಹೆಚ್ಚು ಬರುತ್ತದೆ. ಕೇಪಿನ ಕೋವಿಗೆ ಅಂದಾಜಿನ ಮೇಲೆ ಮದ್ದು ಸುರಿದು ಗಜ ಹಾಕಿ ಜಡಿಯುತ್ತಿದ್ದ ಕಾಲದಲ್ಲಿ ಕೋವಿ ಒದ್ದು ಬೀಳಿಸಿದ ಕತೆಗಳು ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ತೋಟಾದ ಮೇಲೆ ಇಂದಿಗೂ ಅಲ್ಲಲ್ಲಿ ಕಾಣುವ ಡ್ರಾಮ್ ಅಂಕಿ ಆ ಕಾಲದ ಉಳಿಕೆ. ಅದು ಒಳಗಿರುವ ಮದ್ದಿನ ತೂಕ ಅಲ್ಲ, ಅಷ್ಟು ಕರಿಮದ್ದಿಗೆ ಸಮನಾದ ವೇಗ ಎಂಬ ಸೂಚನೆ.

ಉಕ್ಕಿನ ಚರೆ ಬಂದ ಮೇಲೆ ಲೆಕ್ಕ ಮತ್ತೊಮ್ಮೆ ಬದಲಾಯಿತು. ಕೆರೆ, ಜೌಗು ನೆಲಗಳಲ್ಲಿ ಬಿದ್ದ ಸೀಸದ ಚರೆಯನ್ನು ನುಂಗಿ ನೀರುಹಕ್ಕಿಗಳು ವಿಷವೇರಿ ಸಾಯುತ್ತಿದ್ದುದರಿಂದ ಅಮೆರಿಕ 1991ರಲ್ಲಿ ನೀರುಹಕ್ಕಿ ಬೇಟೆಗೆ ಸೀಸದ ಚರೆಯನ್ನು ದೇಶದಾದ್ಯಂತ ನಿಷೇಧಿಸಿತು. ಉಕ್ಕು ಸೀಸಕ್ಕಿಂತ ಹಗುರ. ಹಗುರವಾದ ಚರೆ ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಆ ಕೊರತೆ ತುಂಬಲು ತಯಾರಕರು ವೇಗ ಏರಿಸಿದರು. 32 ಗ್ರಾಂ ಉಕ್ಕಿನ ಚರೆಯನ್ನು 470 ಮೀಟರ್ ವೇಗದಲ್ಲಿ ಹಾರಿಸುವ ತೋಟಾ ನಮ್ಮ 3.4 ಕಿಲೋ ಕೋವಿಯಲ್ಲಿ 49 ಜೂಲ್ ಒದೆತ ಕೊಡುತ್ತದೆ, 36 ಗ್ರಾಂ ಸೀಸದ ಬಲವಾದ ತೋಟಾಕ್ಕಿಂತ ಹೆಚ್ಚು. ಇನ್ನಷ್ಟು ಚರೆ ಹಿಡಿಸಲು 89 ಮಿ.ಮೀ. ಉದ್ದದ 12 ಬೋರ್ ತೋಟಾ 1988ರಲ್ಲಿ ಬಂತು. ಹಕ್ಕಿಗಳ ಮೇಲಿನ ಕಾಳಜಿಯಿಂದ ಬಂದ ನಿಯಮ ಅತ್ಯಗತ್ಯವಾಗಿತ್ತು. ಅದಕ್ಕೆ ಉತ್ತರವಾಗಿ ಬೇಟೆಗಾರರು ಹತ್ತಿರದಿಂದ ಹೊಡೆಯುವ ಸಂಯಮ ಕಲಿಯುವ ಬದಲು ದೊಡ್ಡ ತೋಟಾ ಕೇಳಿದ್ದು ಮಾತ್ರ ವಿಷಾದದ ಸಂಗತಿ.

ಮೈಗೆ ತಾಗುವ ಒದೆತ

ಚರೆ ನಳಿಗೆ ಬಿಡುವ ಹೊತ್ತಿಗೆ ಕೋವಿ ಹಿಂದಕ್ಕೆ ಸರಿದಿರುವುದು ಕೇವಲ ಆರು ಮಿಲಿಮೀಟರಿನಷ್ಟು. ಬಟ್ಟೆ, ಚರ್ಮ, ರಬ್ಬರಿನ ಮೆತ್ತೆ ಇಷ್ಟರಲ್ಲೇ ಅದು ಅಡಗಿಹೋಗುತ್ತದೆ. ನಿಜವಾದ ಹೊಡೆತ ಅನುಭವಕ್ಕೆ ಬರುವುದು ಚರೆ ಹೋದ ಮೇಲೆ, ಚಲಿಸುತ್ತಿರುವ ಕೋವಿಯನ್ನು ಮೈ ತಡೆದು ನಿಲ್ಲಿಸುವಾಗ. ಆ ನಿಲ್ಲಿಸುವಿಕೆ ಎಷ್ಟು ದೂರದಲ್ಲಿ, ಎಷ್ಟು ಹೊತ್ತಿನಲ್ಲಿ, ಎಷ್ಟು ಅಗಲದ ಜಾಗದಲ್ಲಿ ಆಗುತ್ತದೆ ಎಂಬ ಮೂರರಿಂದ ಒದೆತದ ಅನುಭವ ರೂಪುಗೊಳ್ಳುತ್ತದೆ.

ದೂರದ ಲೆಕ್ಕ ಸುಲಭ. 26 ಜೂಲ್ ಶಕ್ತಿಯ ಕೋವಿಯನ್ನು ಎರಡೂವರೆ ಸೆಂಟಿಮೀಟರ್ ದೂರದಲ್ಲಿ ನಿಲ್ಲಿಸಿದರೆ ಭುಜದ ಮೇಲೆ ಬೀಳುವ ಸರಾಸರಿ ಬಲ ಸುಮಾರು 1000 ನ್ಯೂಟನ್, ಅಂದರೆ ಒಂದು ಕ್ವಿಂಟಾಲ್ ತೂಕ ಒರಗಿದಷ್ಟು. ಐದು ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಅದರ ಅರ್ಧ. ಕ್ರಿಕೆಟ್ ಚೆಂಡು ಹಿಡಿಯುವವರು ಕೈಯನ್ನು ಚೆಂಡಿನ ಜೊತೆಗೇ ಹಿಂದಕ್ಕೆ ತರುವುದು ಇದಕ್ಕಾಗಿಯೇ. ನಿಂತು ಹೊಡೆಯುವವರ ಸೊಂಟದ ಮೇಲಿನ ಮೈ ಕೋವಿಯ ಜೊತೆ ಹಿಂದಕ್ಕೆ ತೂಗುತ್ತದೆ, ಅದರಿಂದ ಒದೆತ ಹರಡಿಹೋಗುತ್ತದೆ. ಮೇಜಿನ ಮೇಲೆ ಕೋವಿ ಇಟ್ಟು ಕೂತು, ಅಥವಾ ನೆಲದ ಮೇಲೆ ಬೋರಲು ಮಲಗಿ ಹೊಡೆಯುವಾಗ ಮೈಗೆ ಹಿಂದೆ ಸರಿಯಲು ಜಾಗವಿಲ್ಲ. ಅದೇ ತೋಟಾ ಅಲ್ಲಿ ಕ್ರೂರವಾಗುತ್ತದೆ. ಸ್ಲಗ್ ತೋಟಾದ ಗುರಿ ಪರೀಕ್ಷಿಸಲು ಮೇಜಿಗೆ ಕೂತವರು ನಾಲ್ಕೈದು ಈಡಿಗೇ ಸುಸ್ತಾಗುವುದು ಇದರಿಂದ.

ಕೋವಿಯ ಹಿಂಬದಿ ಮರದ ತುದಿ ಸಾಮಾನ್ಯವಾಗಿ ನಾಲ್ಕು ಸೆಂಟಿಮೀಟರ್ ಅಗಲ, ಹದಿಮೂರು ಸೆಂಟಿಮೀಟರ್ ಉದ್ದ. ಅದು ಪೂರ್ತಿಯಾಗಿ ಭುಜದ ಹಳ್ಳದಲ್ಲಿ ಕೂತರೆ ಹೊರೆ ಐವತ್ತು ಚದರ ಸೆಂಟಿಮೀಟರಿನಲ್ಲಿ ಹಂಚಿಹೋಗುತ್ತದೆ. ಮೇಲ್ತುದಿ ಭುಜದಿಂದ ಹೊರಗೆ ಉಳಿದು ಕೆಳಮೂಲೆ ಮಾತ್ರ ಎದೆಗೆ ಒತ್ತಿದ್ದರೆ ಅದೇ ಹೊರೆ ಕಾಲು ಭಾಗದ ಜಾಗದಲ್ಲಿ ಬೀಳುತ್ತದೆ. ಹೊಸಬರ ಭುಜದ ನೀಲಿ ಕಲೆ ಬಹಳ ಸಲ ತೋಳಿನ ಮೇಲೆಯೋ ಎದೆಯ ಮೂಳೆಯ ಹತ್ತಿರವೋ ಇರುತ್ತದೆ. ಕೋವಿ ಎಲ್ಲಿ ಕೂತಿತ್ತು ಎಂಬುದಕ್ಕೆ ಅದಕ್ಕಿಂತ ಪ್ರಾಮಾಣಿಕ ಸಾಕ್ಷಿ ಬೇಕಿಲ್ಲ.

ಮರದ ಅಳತೆ ಮೈಗೆ ಹೊಂದುವುದು ಎಲ್ಲಕ್ಕಿಂತ ದೊಡ್ಡ ವಿಷಯ. ಟ್ರಿಗರಿನಿಂದ ಹಿಂತುದಿಯವರೆಗಿನ ಉದ್ದ ಬಹುಪಾಲು ಕೋವಿಗಳಲ್ಲಿ 36 ಸೆಂಟಿಮೀಟರ್ ಆಸುಪಾಸಿನಲ್ಲಿರುತ್ತದೆ. ಅದು ಸರಾಸರಿ ಎತ್ತರದ ಗಂಡಸನ್ನು ಮನಸ್ಸಿನಲ್ಲಿಟ್ಟು ಮಾಡಿದ ಅಳತೆ. ಉದ್ದ ಹೆಚ್ಚಾದರೆ ಕೋವಿ ಭುಜದ ಹಳ್ಳ ತಪ್ಪಿ ತೋಳಿಗೆ ಜಾರುತ್ತದೆ. ಕಡಿಮೆಯಾದರೆ ಹೊಡೆಯುವ ಕೈಯ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ, ಟ್ರಿಗರಿನ ಕಾಪುಬಳೆ ನಡುಬೆರಳಿನ ಗಿಣ್ಣಿಗೆ ಪೆಟ್ಟು ಕೊಡುತ್ತದೆ. ಕೆನ್ನೆ ತಾಗುವ ಮೇಲಂಚು ತೀರಾ ತಗ್ಗಿದ್ದರೆ ಕೆನ್ನೆಗೂ ಮರಕ್ಕೂ ನಡುವೆ ಬಿರುಕು ಉಳಿಯುತ್ತದೆ, ಕೋವಿ ಮೇಲಕ್ಕೆ ಎಗರಿದಾಗ ಆ ಬಿರುಕಿನಲ್ಲಿ ವೇಗ ಗಳಿಸಿ ಕೆನ್ನೆಮೂಳೆಗೆ ಬಾರಿಸುತ್ತದೆ. ಭುಜದ ಒದೆತ ಸಹಿಸುವವರೂ ಕೆನ್ನೆಯ ಹೊಡೆತಕ್ಕೆ ಹೆದರಿ ಕೋವಿ ಬಿಟ್ಟುಬಿಡುವುದುಂಟು. ಚಳಿಗಾಲದಲ್ಲಿ ದಪ್ಪ ಕೋಟು ತೊಟ್ಟರೆ ಮರದ ಉದ್ದ ಇದ್ದಕ್ಕಿದ್ದಂತೆ ಒಂದು ಸೆಂಟಿಮೀಟರ್ ಹೆಚ್ಚಿದಂತಾಗುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು.

ಕೋವಿ ಮೇಲಕ್ಕೆ ಎಗರುವುದಕ್ಕೆ ಕಾರಣ, ನಳಿಗೆಯ ನಡುಗೆರೆ ಭುಜಕ್ಕೆ ತಾಗುವ ಬಿಂದುವಿಗಿಂತ ಮೇಲಿರುವುದು. ಹಿಂದಕ್ಕೆ ತಳ್ಳುವ ಬಲ ಮೇಲೆ, ತಡೆಯುವ ಭುಜ ಕೆಳಗೆ, ಹಾಗಾಗಿ ಕೋವಿ ತಿರುಗುತ್ತದೆ. ನಳಿಗೆಗಳು ಒಂದರ ಮೇಲೊಂದು ಇರುವ ಕೋವಿಗಳಲ್ಲಿ ಕೆಳಗಿನದನ್ನು ಮೊದಲು ಹಾರಿಸುವುದು ಇದಕ್ಕೇ: ಅದು ಭುಜದ ಗೆರೆಗೆ ಹತ್ತಿರವಿದೆ, ಎಗರುವುದು ಕಡಿಮೆ, ಎರಡನೆಯ ಈಡಿಗೆ ಕಣ್ಣು ಬೇಗ ಸಜ್ಜಾಗುತ್ತದೆ. ನಳಿಗೆಯ ಬಾಯಿಯ ಹತ್ತಿರ ಕಿಂಡಿ ಕೊರೆಸಿದರೆ ಈ ಎಗರುವಿಕೆ ಒಂದಿಷ್ಟು ಇಳಿಯುತ್ತದೆ. ಹಿಂದಕ್ಕೆ ಬರುವ ಒದೆತ ಅದರಿಂದ ಹೆಚ್ಚೇನೂ ತಗ್ಗುವುದಿಲ್ಲ, ಪಕ್ಕದಲ್ಲಿ ನಿಂತವರ ಕಿವಿಗಂತೂ ಸದ್ದು ಜೋರಾಗುತ್ತದೆ.

ಸದ್ದೂ ಒದೆತದ ಭಾಗವೇ. ಶಾಟ್‌ಗನ್ನಿನ ಸಿಡಿತ 150 ಡೆಸಿಬಲ್ ಮೀರುತ್ತದೆ, ಕಿವಿಗೆ ಶಾಶ್ವತ ಹಾನಿ ಮಾಡಲು ಅಷ್ಟು ಬೇಕಾದಷ್ಟಾಯಿತು. ಮಿದುಳು ಆ ಸದ್ದನ್ನೂ ಭುಜದ ಪೆಟ್ಟನ್ನೂ ಒಂದೇ ಘಟನೆಯಾಗಿ ಓದುತ್ತದೆ. ಕಿವಿಗೆ ಒಳ್ಳೆಯ ರಕ್ಷಣೆ ಹಾಕಿಸಿದ ಕೂಡಲೇ ಅದೇ ತೋಟಾ ಸೌಮ್ಯವಾಯಿತೆಂದು ಹೊಸಬರು ಹೇಳುತ್ತಾರೆ. ಗಿಡ್ಡ ನಳಿಗೆಯ ಕೋವಿ ಹೆಚ್ಚು ಒದೆಯುತ್ತದೆ ಎಂಬ ಅನಿಸಿಕೆಯಲ್ಲಿ ತೂಕ ಕಡಿಮೆಯಿರುವುದರ ಪಾಲಿನ ಜೊತೆಗೆ, ಸಿಡಿತ ಮುಖಕ್ಕೆ ಹತ್ತಿರವಿರುವುದರ ಪಾಲೂ ಇದೆ.

ಒದೆತ ತಗ್ಗಿಸುವ ಯಂತ್ರಗಳು

ಜಾನ್ ಬ್ರೌನಿಂಗ್ ರೂಪಿಸಿ, 20ನೆಯ ಶತಮಾನದ ಆರಂಭದಲ್ಲಿ ಬೆಲ್ಜಿಯಂನ ಎಫ್.ಎನ್. ಕಾರ್ಖಾನೆ ತಯಾರಿಸತೊಡಗಿದ ಆಟೋ-5 ಅರೆ-ಸ್ವಯಂಚಾಲಿತ ಕೋವಿ ಒದೆತವನ್ನೇ ಕೆಲಸಕ್ಕೆ ಹಚ್ಚಿತು. ಅದರಲ್ಲಿ ನಳಿಗೆಯೇ ಹಿಂದಕ್ಕೆ ಸರಿದು ಖಾಲಿ ತೋಟಾ ಹೊರಹಾಕಿ ಹೊಸದನ್ನು ಏರಿಸುತ್ತದೆ. ನಳಿಗೆಯ ಓಟಕ್ಕೆ ತಡೆ ಹಾಕುವ ಉಜ್ಜುಬಳೆಯನ್ನು ಹಗುರ ತೋಟಾಕ್ಕೆ ಒಂದು ರೀತಿ, ಭಾರ ತೋಟಾಕ್ಕೆ ಇನ್ನೊಂದು ರೀತಿ ಜೋಡಿಸಬೇಕು. ಹಗುರದ ಜೋಡಣೆಯಲ್ಲೇ ಭಾರದ ತೋಟಾ ಹಾರಿಸಿದರೆ ನಳಿಗೆ ಹಿಂತುದಿಗೆ ಬಡಿದು ಎರಡನೆಯ ಗುದ್ದು ಕೊಡುತ್ತದೆ, ಮುಂದಿನ ಮರ ಸೀಳುವುದೂ ಉಂಟು. ಹಳೆಯ ಆಟೋ-5 ಕೋವಿಗಳ ಒದೆತದ ಬಗ್ಗೆ ಬರುವ ಬಹಳಷ್ಟು ದೂರುಗಳ ಮೂಲ ಈ ಬಳೆಯೇ.

ಮದ್ದಿನ ಅನಿಲದ ಒಂದು ಪಾಲನ್ನು ನಳಿಗೆಯ ಕೆಳಗಿನ ಕೊಳವೆಗೆ ತಿರುಗಿಸಿ ಬೋಲ್ಟನ್ನು ಓಡಿಸುವ ಕೋವಿಗಳು, ಉದಾಹರಣೆಗೆ 1963ರಲ್ಲಿ ಬಂದ ರೆಮಿಂಗ್ಟನ್ 1100, ಮೃದುತನಕ್ಕೆ ಹೆಸರಾದವು. ಇವು ಸಂವೇಗವನ್ನು ನುಂಗುವುದಿಲ್ಲ, ಯಾವ ಯಂತ್ರವೂ ನುಂಗಲಾರದು. ಭಾರವಾದ ಬೋಲ್ಟ್ ಹಿಂದಕ್ಕೆ ಓಡಿ ಸ್ಪ್ರಿಂಗಿನ ಮೂಲಕ ತನ್ನ ಪಾಲಿನ ಸಂವೇಗವನ್ನು ತಡವಾಗಿ ಒಪ್ಪಿಸುವುದರಿಂದ ಒಂದು ದೊಡ್ಡ ಗುದ್ದು ಎರಡು ಚಿಕ್ಕ ತಳ್ಳುಗಳಾಗಿ ಹಂಚಿಹೋಗುತ್ತದೆ. ಇಟಲಿಯ ಬೆನೆಲ್ಲಿಯವರ ಜಡತ್ವದ ಯಂತ್ರ ಸರಳ, ಶುಚಿ, ಹಗುರ. ಆ ಹಗುರತನದ ಬೆಲೆಯನ್ನು ಭುಜ ತೆರಬೇಕಾಗುತ್ತದೆ. ಹಿಂಬದಿ ಮರಕ್ಕೆ ಹಾಕುವ ಮೃದು ರಬ್ಬರ್ ಮೆತ್ತೆ ಮಾತ್ರ ಎಲ್ಲ ಕೋವಿಗೂ ಹೊಂದುವ, ಖರ್ಚಿಗೆ ತಕ್ಕ ಫಲ ಕೊಡುವ ಉಪಾಯ. ಗಟ್ಟಿ ಮರದ ಅಥವಾ ಕೊಂಬಿನ ಹಿಂತುದಿ ನೋಡಲು ಚೆಲುವಾದರೂ ಭಾರ ತೋಟಾಕ್ಕೆ ತಕ್ಕದ್ದಲ್ಲ.

ಬೆಚ್ಚುವಿಕೆ ಮತ್ತು ಮಿತಿ

ಒದೆತದ ಅತಿ ದೊಡ್ಡ ಹಾನಿ ಭುಜಕ್ಕಲ್ಲ, ಗುರಿಗೆ. ಪೆಟ್ಟಿನ ನಿರೀಕ್ಷೆಯಲ್ಲೇ ಮೈ ಬಿಗಿಹಿಡಿದು, ಕಣ್ಣು ಮುಚ್ಚಿ, ಟ್ರಿಗರನ್ನು ಜಗ್ಗಿ ಎಳೆಯುವುದು ಬೆಚ್ಚುವಿಕೆ. ಮನುಷ್ಯ ಏನಾದರೂ ಕಂಡು ಪ್ರತಿಕ್ರಿಯಿಸಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಚರೆ ಎಂದೋ ನಳಿಗೆ ಬಿಟ್ಟಿರುತ್ತದೆ. ಆದ್ದರಿಂದ ಒದೆತಕ್ಕೆ ಬೆಚ್ಚಿ ಗುರಿ ತಪ್ಪುವುದು ಅಸಾಧ್ಯ. ಗುರಿ ತಪ್ಪಿಸುವುದು ಒದೆತ ಬರುವ ಮೊದಲೇ ಹುಟ್ಟುವ ಭಯ. ಹೊಡೆಯುವವರಿಗೆ ತಿಳಿಯದಂತೆ ತೋಟಾಗಳ ನಡುವೆ ಹುಸಿ ತೋಟಾ ಸೇರಿಸಿಕೊಟ್ಟರೆ ಇದು ಬಯಲಾಗುತ್ತದೆ: ಕೋವಿ ಸಿಡಿಯುವುದಿಲ್ಲ, ಆದರೂ ನಳಿಗೆಯ ಬಾಯಿ ಕೆಳಕ್ಕೆ ಕುಸಿಯುತ್ತದೆ. ಹಾರುವ ಜೇಡಿಮಣ್ಣಿನ ತಟ್ಟೆಗಳಿಗೆ ಗುರಿಯಿಡುವ ಟ್ರ್ಯಾಪ್ ಆಟದ ಅಮೆರಿಕದ ಕೆಲವು ಸ್ಪರ್ಧಿಗಳು ಬೆಚ್ಚುವಿಕೆಯಿಂದ ಪಾರಾಗಲು, ಬೆರಳು ಎಳೆದಾಗ ಸಜ್ಜಾಗಿ ಬಿಟ್ಟಾಗ ಸಿಡಿಯುವ ಟ್ರಿಗರ್ ಹಾಕಿಸಿಕೊಂಡದ್ದುಂಟು. ಪರಿಚಯವಿಲ್ಲದವರ ಕೈಗೆ ಅಂಥ ಕೋವಿ ಸಿಕ್ಕರೆ ಅನಾಹುತ.

ಎಷ್ಟು ಒದೆತ ಎಷ್ಟು ಸಲ ಸಹ್ಯ? ಅಮೆರಿಕದ ಸೇನೆಯ ಶಸ್ತ್ರ ಪರೀಕ್ಷಾ ನಿಯಮಗಳಲ್ಲಿ ಇದಕ್ಕೊಂದು ಅಳತೆಗೋಲು ಇದೆ. ಒದೆತ ಸುಮಾರು 20 ಜೂಲಿಗಿಂತ ಕಡಿಮೆಯಿದ್ದರೆ ಮಿತಿಯಿಲ್ಲ. 20ರಿಂದ 41ರವರೆಗೆ ಒಬ್ಬರು ದಿನಕ್ಕೆ 200 ಈಡು, 61ರವರೆಗೆ 100, 81ರವರೆಗೆ 25. ಅದಕ್ಕೂ ಮೀರಿದ್ದನ್ನು ಭುಜಕ್ಕಿಟ್ಟು ಹಾರಿಸಲೇಬಾರದು. ಮೇಲಿನ ಲೆಕ್ಕಗಳನ್ನು ಇದರ ಪಕ್ಕ ಇಟ್ಟು ನೋಡಿದರೆ 53 ಗ್ರಾಂ ಮ್ಯಾಗ್ನಮ್ ತೋಟಾ ದಿನಕ್ಕೆ 25ರ ಪಂಗಡಕ್ಕೆ ಸೇರುತ್ತದೆ, ಅಂದರೆ ಒಂದು ಡಬ್ಬಿ. ಒಲಿಂಪಿಕ್ ತೋಟಾ ಮಿತಿಯಿಲ್ಲದ ಗೆರೆಯ ಅಂಚಿನಲ್ಲೇ ನಿಲ್ಲುತ್ತದೆ. ಸ್ಪರ್ಧೆಯ ಕೋವಿಗಳು 3.8 ಕಿಲೋ ಆಸುಪಾಸು ತೂಗುವುದರಿಂದ ನಿಜವಾದ ಒದೆತ ಇನ್ನೂ ಕಡಿಮೆ, 18 ಜೂಲಿನ ಹತ್ತಿರ.

ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಟ್ರ್ಯಾಪ್ ಮತ್ತು ಅದರಂಥದ್ದೇ ತಟ್ಟೆ ಒಡೆಯುವ ಸ್ಕೀಟ್ ಸ್ಪರ್ಧೆಗಳ ತೋಟಾದ ಚರೆಯನ್ನು ಹಂತಹಂತವಾಗಿ ಇಳಿಸುತ್ತ 24 ಗ್ರಾಂಗೆ ತಂದು ನಿಲ್ಲಿಸಿತು. ಇಳಿಸಿದಾಗಲೆಲ್ಲ ಅಂಕಗಳು ಕುಸಿಯುತ್ತವೆ ಎಂಬ ಆತಂಕ ಕೇಳಿಬರುವುದು ಸಹಜ. ಶ್ರೇಷ್ಠ ಸ್ಪರ್ಧಿಗಳು ಅಷ್ಟೇ ಚರೆಯಲ್ಲಿ ಇಂದಿಗೂ 125ಕ್ಕೆ 125 ತಟ್ಟೆ ಒಡೆಯುತ್ತಾರೆ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದ ಡಬಲ್ ಟ್ರ್ಯಾಪ್ ಸ್ಪರ್ಧೆಯನ್ನು ಒದೆತದ ದೃಷ್ಟಿಯಿಂದ ನೋಡಬೇಕು. ಎರಡು ತಟ್ಟೆಗಳು ಒಟ್ಟಿಗೆ ಹಾರುತ್ತವೆ, ಮೊದಲ ಈಡಿನ ಒದೆತದಿಂದ ಚೇತರಿಸಿಕೊಂಡು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಎರಡನೆಯದನ್ನು ಒಡೆಯಬೇಕು. ಅರ್ಹತಾ ಸುತ್ತು, ಅಂತಿಮ ಸುತ್ತು ಸೇರಿ 200 ತಟ್ಟೆಗಳಲ್ಲಿ ಅವರು 179 ಒಡೆದರು. ತೋಟಾ ಭಾರವಾಗಿದ್ದರೆ ಎರಡನೆಯ ತಟ್ಟೆಗೆ ನಳಿಗೆ ಅಷ್ಟು ಬೇಗ ಮರಳುತ್ತಿರಲಿಲ್ಲ.

ಕರ್ನಾಟಕದಲ್ಲಿ

ರಾಜ್ಯದಲ್ಲಿ ಶಾಟ್‌ಗನ್ ಹೆಚ್ಚು ಕಾಣುವುದು ಕೊಡಗು ಮತ್ತು ಮಲೆನಾಡಿನಲ್ಲಿ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಬಂದೂಕು ಪರವಾನಗಿಯಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕೊಡವರ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ, ಆ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಉಳಿದೆಡೆ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ತೋಟದ ಮನೆಗಳಲ್ಲಿ ಒಂಟಿ ನಳಿಗೆ ಅಥವಾ ಜೋಡು ನಳಿಗೆಯ ಕೋವಿ ಇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಈಗ ಬೇಟೆಗೆ ಅವಕಾಶವಿಲ್ಲ, ಆದ್ದರಿಂದ ಭಾರಿ ತೋಟಾಗಳ ಅಗತ್ಯವೂ ಹೆಚ್ಚಿನವರಿಗೆ ಇಲ್ಲ.

ಇಂಥ ಮನೆಗಳ ಹಳೆಯ ಇಂಗ್ಲಿಷ್ ಕೋವಿಗಳ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಅವುಗಳಲ್ಲಿ ಹಲವಕ್ಕೆ ತೋಟಾ ಕೂರುವ ಗೂಡು 65 ಮಿ.ಮೀ. ಉದ್ದದ್ದು. ಇಂದು ಅಂಗಡಿಯಲ್ಲಿ ಸಿಗುವುದು 70 ಮಿ.ಮೀ. ತೋಟಾ. ಆ ಅಂಕಿ ಸಿಡಿದು ಬಾಯಿ ಬಿಚ್ಚಿದ ಮೇಲಿನ ಉದ್ದ, ಮಡಿಸಿದ ಬಾಯಿಯ ಹೊಸ ತೋಟಾ ಅದಕ್ಕಿಂತ ಗಿಡ್ಡ. ಹಾಗಾಗಿ ಅದು ಗೂಡಿನೊಳಗೆ ಸಲೀಸಾಗಿ ಕೂರುತ್ತದೆ, ಸಿಡಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಒದೆತದಲ್ಲಿ ಇದರ ಸುಳಿವು ಸ್ಪಷ್ಟವಾಗಿ ಸಿಗುವುದಿಲ್ಲ. ಕೋವಿ ಸಹಿಸಿಕೊಂಡಿತು ಎಂದು ಭುಜ ಹೇಳಿದರೂ ನಳಿಗೆ ಸಹಿಸಿಕೊಂಡಿತೇ ಎಂಬುದನ್ನು ಕೋವಿ ಕೆಲಸಗಾರರ ಅಳತೆಗೋಲಿನಿಂದಲೇ ತಿಳಿಯಬೇಕು.

ಮನೆಯ ಹೆಂಗಸರಿಗೋ ಹರೆಯದ ಮಕ್ಕಳಿಗೋ ಮೊದಲ ಬಾರಿ ಕೋವಿ ಕಲಿಸುವಾಗ, ಹಗುರವಾಗಿದೆ, ಎತ್ತಲು ಸುಲಭ ಎಂದು ಒಂಟಿ ನಳಿಗೆಯ ಕೋವಿಯನ್ನೇ ಕೊಡುವ ಪದ್ಧತಿ ಇದೆ. ಮೇಲಿನ ಲೆಕ್ಕದ ಪ್ರಕಾರ ಮನೆಯಲ್ಲಿರುವ ಕೋವಿಗಳಲ್ಲಿ ಅತಿ ಹೆಚ್ಚು ಒದೆಯುವುದು ಅದೇ. ಕಲಿಯುವವರಿಗೆ ಕೊಡಬೇಕಾದದ್ದು ಮೂರು ಕಿಲೋಗಿಂತ ಭಾರದ ಕೋವಿ, ಅವರ ಮೈಗೆ ಹೊಂದುವಷ್ಟು ಗಿಡ್ಡಗೊಳಿಸಿದ ಮರ, ಅದಕ್ಕೊಂದು ರಬ್ಬರ್ ಮೆತ್ತೆ, ಸಿಗುವುದರಲ್ಲೇ ಅತಿ ಕಡಿಮೆ ಚರೆಯ ತೋಟಾ, ಕಿವಿಗೆ ರಕ್ಷಣೆ. ಎಡಗಾಲು ಮುಂದಿಟ್ಟು, ಮೈಭಾರವನ್ನು ಅದರ ಮೇಲೆ ತುಸು ಬಾಗಿಸಿ ನಿಲ್ಲಿಸಬೇಕು. ಎಡಗೈಯವರಿಗೆ ಇದು ತಿರುವುಮುರುವು. ಹಿಂದಕ್ಕೆ ವಾಲಿ ನಿಂತವರನ್ನು 24 ಗ್ರಾಂ ತೋಟಾವೂ ಹೆಜ್ಜೆ ತಪ್ಪಿಸುತ್ತದೆ. ಮೊದಲ ದಿನ ಹತ್ತು ಹದಿನೈದು ಈಡಿಗಿಂತ ಹೆಚ್ಚು ಬೇಡ. ಭುಜ ನೋಯುವ ಮೊದಲೇ ನಿಲ್ಲಿಸಬೇಕು.